ರೋಗ ಬಾರದ ತಳಿಗೆ ರೋಗ ಬಂದದ್ದು ಹೇಗೆ?

ಕಾಫಿ ಎಲೆಯನ್ನು ಮೇಲಿನಿಂದ ನೋಡಿದರೆ ಅಲ್ಲೊಂದು ಇಲ್ಲೊಂದು ಹಳದಿ ಮಚ್ಚೆ ಕಾಣುತ್ತದೆ, ಅಷ್ಟೇ. ಮಗುಚಿದಾಗಲೇ ವಿಷಯ ಗೊತ್ತಾಗುವುದು. ಅಡಿಯಲ್ಲಿ ಕಿತ್ತಳೆ ಬಣ್ಣದ ನುಣ್ಣನೆ ಪುಡಿ. ಇದೇ ಕಾಫಿಯ ತುಕ್ಕು ರೋಗ, ಇಂಗ್ಲಿಷಿನಲ್ಲಿ ರಸ್ಟ್. ಬೆರಳಲ್ಲಿ ಒರೆಸಿದರೆ ಕುಂಕುಮದ ಭರಣಿಗೆ ಕೈ ಹಾಕಿದ ಹಾಗೆ ಬಣ್ಣ ಹತ್ತಿಕೊಳ್ಳುತ್ತದೆ. ಅದೇ ಬೆರಳಲ್ಲಿ ಪಕ್ಕದ ಗಿಡ ಮುಟ್ಟಿದರೆ ರೋಗವನ್ನು ನಾವೇ ದಾಟಿಸಿದಂತೆ.

ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಕಡೆಯ ನೆಂಟರ ತೋಟದಲ್ಲಿ ಇಂಥದ್ದೊಂದು ಎಲೆ ಹಿಡಿದು ನಿಂತಿದ್ದೆ. ಮನೆಯ ಯಜಮಾನರು ನನಗೆ ವರಸೆಯಲ್ಲಿ ದೊಡ್ಡಪ್ಪ. ಬೇಜಾರಿನಲ್ಲಿದ್ದರು. "ಈ ಗಿಡಕ್ಕೆ ರಸ್ಟ್ ಬರಲ್ಲ ಅಂತ ಹೇಳಿ ಕೊಟ್ಟಿದ್ರು ಕಣೋ. ಹತ್ತು ಹನ್ನೆರಡು ವರ್ಷ ಬರಲೂ ಇಲ್ಲ. ಈಗ ನೋಡು. ತಳಿ ಕೆಟ್ಟೋಯ್ತಾ, ಇಲ್ಲಾ ಮೊದ್ಲೇ ಸುಳ್ಳು ಹೇಳಿದ್ರಾ?"

ಎರಡೂ ಅಲ್ಲ. ಗಿಡ ನೆಟ್ಟಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಬದಲಾಗಿರುವುದು ಎಲೆಯಡಿಯ ಆ ಪುಡಿ. ಭತ್ತ, ಗೋಧಿ, ಬಾಳೆ, ಆಲೂಗಡ್ಡೆ ಬೆಳೆಯುವವರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಉತ್ತರ ಗೊತ್ತಾಗಬೇಕಾದರೆ ಗಿಡದ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಒಳಗೆ ನುಗ್ಗುವವರು

ಗಿಡಕ್ಕೆ ರೋಗ ತರುವ ಸೂಕ್ಷ್ಮಜೀವಿಗಳನ್ನು ಒಟ್ಟಾಗಿ ರೋಗಾಣು ಅನ್ನೋಣ. ಇವುಗಳಲ್ಲಿ ವೈರಸ್ ಉಂಟು, ಬ್ಯಾಕ್ಟೀರಿಯಾ ಉಂಟು. ಆದರೆ ಬೆಳೆಗಳ ಮಟ್ಟಿಗೆ ಜಾಸ್ತಿ ಕಾಟ ಕೊಡುವುದು ಶಿಲೀಂಧ್ರಗಳು, ಅಂದರೆ ಬೂಷ್ಟಿನ ಬಳಗ. ಕಾಫಿಯ ತುಕ್ಕು ರೋಗದ ಶಿಲೀಂಧ್ರದ ಹೆಸರು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್. ಬೆರಳಿಗೆ ಹತ್ತಿದ ಆ ಪುಡಿ ಅದರ ಬೀಜಕಣಗಳ ರಾಶಿ. ಒಂದೊಂದು ಕಣವೂ ಗೋಡಂಬಿಯ ಆಕಾರದಲ್ಲಿರುತ್ತದೆ. ಬೆನ್ನಿನ ಕಡೆ ಮುಳ್ಳು ಮುಳ್ಳು, ಹೊಟ್ಟೆಯ ಕಡೆ ನುಣುಪು. ಹೆಮಿಲಿಯಾ ಅಂದರೆ ಅರ್ಧ ನುಣುಪು ಅಂತಲೇ ಅರ್ಥ.

ಈ ಕಣ ಮೊಳೆಯಬೇಕಾದರೆ ಎಲೆಯಡಿ ತೆಳುವಾಗಿ ನೀರು ನಿಂತಿರಬೇಕು. ಮೊಳೆತ ಎಳೆ ಪತ್ರರಂಧ್ರವನ್ನು, ಅಂದರೆ ಎಲೆ ಉಸಿರಾಡುವ ಕಿಂಡಿಯನ್ನು ಹುಡುಕಿಕೊಂಡು ಒಳಗೆ ಹೋಗುತ್ತದೆ. ಬಾಗಿಲು ಒಡೆಯುವ ಕಷ್ಟವೇ ಇಲ್ಲ. ಭತ್ತದ ಬೆಂಕಿ ರೋಗದ ಶಿಲೀಂಧ್ರ ಹಾಗಲ್ಲ. ಅದು ಎಲೆಯ ಮೇಲೆ ಗುಮ್ಮಟದಂಥ ಒಂದು ಕೋಶ ಕಟ್ಟಿಕೊಂಡು, ಅದರೊಳಗೆ ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು 40 ಪಟ್ಟು ಒತ್ತಡ ತುಂಬಿಸಿ, ಆ ಬಲದಲ್ಲಿ ಎಲೆಯನ್ನೇ ತೂತು ಮಾಡುತ್ತದೆ.

ಕಾಫಿಯ ಶಿಲೀಂಧ್ರಕ್ಕೆ ಒಳಗೆ ಹೋದ ಮೇಲೆ ಅವಸರ ಇಲ್ಲ. ಎಲೆಯ ಜೀವಕೋಶಗಳಿಗೆ ಹೀರುಕೊಳವೆ ಇಳಿಸಿ, ಅವನ್ನು ಕೊಲ್ಲದೆ, ಅವು ಮಾಡಿಟ್ಟ ಊಟವನ್ನು ಹೀರುತ್ತಾ ಕೂರುತ್ತದೆ. ಮೂರರಿಂದ ಐದು ವಾರದಲ್ಲಿ ಹೊಸ ಕಿತ್ತಳೆ ಪುಡಿ ಹೊರಗೆ ಬರುತ್ತದೆ. ಅದಕ್ಕೆ ಗಿಡ ಬದುಕಿರಬೇಕು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಿಡದ ಮೊದಲನೇ ಕಾವಲು

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳು ಪೊಲೀಸ್ ಜೀಪಿನ ಹಾಗೆ ಸುತ್ತುತ್ತಿರುತ್ತವೆ. ಗಿಡಕ್ಕೆ ಆ ಸೌಕರ್ಯ ಇಲ್ಲ. ಅದಕ್ಕೆ ರಕ್ತವೂ ಇಲ್ಲ, ಓಡಾಡುವ ಕಾವಲುಗಾರರೂ ಇಲ್ಲ, ಓಡಿಹೋಗಲು ಕಾಲೂ ಇಲ್ಲ. ಹಾಗಾಗಿ ಒಂದೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಮಾಡಿಕೊಳ್ಳಬೇಕು. ಊರಿಗೆ ಒಂದೂ ಠಾಣೆ ಇಲ್ಲ, ಆದರೆ ಮನೆಮನೆಗೂ ನಾಯಿ ಇದೆ ಅಂದುಕೊಳ್ಳಿ.

ಈ ನಾಯಿಗೆ ಕಳ್ಳನ ಗುರುತು ಗೊತ್ತಿರಬೇಕಾಗಿಲ್ಲ. ಅಪರಿಚಿತರ ವಾಸನೆ ಗೊತ್ತಿದ್ದರೆ ಸಾಕು. ಶಿಲೀಂಧ್ರಗಳ ಮೈಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಇರುತ್ತದೆ. ಏಡಿ, ಸಿಗಡಿಯ ಚಿಪ್ಪಿನಲ್ಲಿ ಇರುವುದೂ ಅದೇ. ಗಿಡದ ಮೈಯಲ್ಲಿ ಅದು ಇಲ್ಲ. ಈಜುವ ಬ್ಯಾಕ್ಟೀರಿಯಾಗಳ ಬಾಲದಲ್ಲಿ ಫ್ಲಾಜೆಲಿನ್ ಎಂಬ ಪ್ರೋಟೀನ್ ಇರುತ್ತದೆ. ಅದೂ ಗಿಡದಲ್ಲಿ ಇಲ್ಲ. ಗಿಡದ ಜೀವಕೋಶದ ಹೊರಮೈಯಲ್ಲಿ ಇಂಥ ವಸ್ತುಗಳ ಚೂರನ್ನು ಹಿಡಿಯುವ ಗ್ರಾಹಕ ಪ್ರೋಟೀನ್‌ಗಳಿವೆ. ಚೂರು ತಾಗಿದ ಕೂಡಲೇ ಒಳಗೆ ಗಂಟೆ ಬಾರಿಸಿದ ಹಾಗೆ. ಕೋಶದ ಗೋಡೆ ದಪ್ಪವಾಗುತ್ತದೆ, ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ, ವಿಷವಸ್ತುಗಳು ತಯಾರಾಗುತ್ತವೆ. ಗಾಳಿಯಲ್ಲಿ ತೇಲಿಬರುವ ಬಹುಪಾಲು ಸೂಕ್ಷ್ಮಜೀವಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಗೋಧಿಯ ತುಕ್ಕು ಕಾಫಿಗೆ ಬರುವುದಿಲ್ಲ, ಕಾಫಿಯ ತುಕ್ಕು ಭತ್ತಕ್ಕೆ ಬರುವುದಿಲ್ಲ. ಗಿಡಗಳಿಗೆ ರೋಗ ಬರದೇ ಇರುವುದೇ ಮಾಮೂಲಿ.

ಅಪರಿಚಿತರ ವಾಸನೆಯನ್ನು ಬದಲಾಯಿಸುವುದೂ ರೋಗಾಣುವಿಗೆ ಸುಲಭ ಅಲ್ಲ. ಕೈಟಿನ್ ಬಿಟ್ಟರೆ ಅದರ ಮೈಗೋಡೆಯೇ ನಿಲ್ಲುವುದಿಲ್ಲ.

ನಾಯಿಗೆ ರೊಟ್ಟಿ ಎಸೆಯುವ ಕಳ್ಳ

ಕೆಲವು ರೋಗಾಣುಗಳು ಮಾತ್ರ ಚಾಲಾಕಿ. ಇವು ಒಳಗೆ ಬರುವಾಗ ಸಣ್ಣ ಸಣ್ಣ ಪ್ರೋಟೀನ್‌ಗಳನ್ನು ಗಿಡದ ಕೋಶದೊಳಗೆ ಚೆಲ್ಲುತ್ತವೆ. ವಿಜ್ಞಾನಿಗಳು ಇವನ್ನು ಎಫೆಕ್ಟರ್ ಅನ್ನುತ್ತಾರೆ. ನಾವು ಕೈಚಳಕದ ಪ್ರೋಟೀನ್ ಅನ್ನೋಣ. ಒಂದು ಗಂಟೆಯ ಹಗ್ಗ ಕತ್ತರಿಸುತ್ತದೆ. ಇನ್ನೊಂದು ಕೈಟಿನ್ ಚೂರು ಗಿಡದ ಕಣ್ಣಿಗೆ ಬೀಳದ ಹಾಗೆ ಬಾಚಿಕೊಳ್ಳುತ್ತದೆ. ಮತ್ತೊಂದು ಗಿಡದ ಉಗ್ರಾಣದ ನಲ್ಲಿಯನ್ನೇ ತಿರುಗಿಸುತ್ತದೆ.

ನಲ್ಲಿ ಅಂದದ್ದು ಸುಮ್ನೆ ಹೋಲಿಕೆಗಲ್ಲ. ಭತ್ತಕ್ಕೆ ದುಂಡಾಣು ಎಲೆ ಅಂಗಮಾರಿ ಎಂಬ ರೋಗ ತರುವ ಬ್ಯಾಕ್ಟೀರಿಯಾ ಕಳಿಸುವ ಪ್ರೋಟೀನ್ ನೇರ ಭತ್ತದ ಜೀನ್ ಇರುವಲ್ಲಿಗೇ ಹೋಗುತ್ತದೆ. ಅಲ್ಲಿ ಸಕ್ಕರೆಯನ್ನು ಕೋಶದಿಂದ ಹೊರಗೆ ಬಿಡುವ ಜೀನಿನ ಸ್ವಿಚ್ಚನ್ನು ಒತ್ತುತ್ತದೆ. ಗಿಡ ತಾನೇ ಕೈಯಾರೆ ಶತ್ರುವಿಗೆ ಸಕ್ಕರೆ ಸುರಿಯುತ್ತದೆ!

ಇದಕ್ಕೆ ಉತ್ತರವಾಗಿ ಗಿಡಗಳಲ್ಲಿ ಎರಡನೇ ಕಾವಲು ಬೆಳೆದುಬಂತು. ಇದು ಕೋಶದ ಒಳಗೆ ಕೂತಿರುತ್ತದೆ. ಇದರ ಕೈಯಲ್ಲಿ ಕಳ್ಳನ ಫೋಟೊ ಇದೆ. ಇಂಥದ್ದೇ ಕೈಚಳಕದ ಪ್ರೋಟೀನ್ ಬಂದರೆ ಹಿಡಿ ಅಂತ ಗೊತ್ತುಮಾಡಿದ ಕಾವಲುಗಾರ ಪ್ರೋಟೀನ್ ಇದು. ಇದನ್ನು ತಯಾರಿಸುವ ಜೀನಿಗೆ ನಿರೋಧಕ ಜೀನ್ ಎಂಬ ಹೆಸರು. ಜೀನ್ ಅಂದರೆ ಪ್ರೋಟೀನ್ ಮಾಡುವ ಬರೆದಿಟ್ಟ ಕ್ರಮ, ಅಡುಗೆ ಪುಸ್ತಕದ ಒಂದು ಪುಟ ಇದ್ದ ಹಾಗೆ. "ರೋಗನಿರೋಧಕ ತಳಿ" ಅಂತ ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ, ಬಹಳ ಸಲ ಅದರ ಅರ್ಥ ಇಷ್ಟೇ: ಈ ಗಿಡದ ಹತ್ತಿರ ಇಂಥಾ ಕಳ್ಳನ ಫೋಟೊ ಇದೆ.

ಕೆಲವು ಕಾವಲುಗಾರರು ಕಳ್ಳನನ್ನು ನೋಡುವುದೇ ಇಲ್ಲ. ತಿಜೋರಿಯನ್ನು ನೋಡುತ್ತಾ ಕೂತಿರುತ್ತಾರೆ. ಯಾರೇ ಮುಟ್ಟಲಿ, ಗಂಟೆ ಹೊಡೆಯುತ್ತಾರೆ. ಇನ್ನು ಬೆಂಕಿ ರೋಗ ತಡೆಯುವ ಭತ್ತದ ಒಂದು ಕಾವಲುಗಾರ ಪ್ರೋಟೀನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಶಿಲೀಂಧ್ರ ಹುಡುಕಿಕೊಂಡು ಬರುವ ಪ್ರೋಟೀನಿನ ನಕಲಿ ತುಂಡನ್ನು ತನ್ನ ಮೈಗೇ ಅಂಟಿಸಿಕೊಂಡಿದೆ, ಇಲಿಬೋನಿನೊಳಗೆ ಕೊಬ್ಬರಿ ಚೂರು ಕಟ್ಟಿದ ಹಾಗೆ.

ಬೆಂಕಿ ರೇಖೆ

ಎರಡನೇ ಕಾವಲು ಕಳ್ಳನನ್ನು ಗುರುತಿಸಿದ ಮೇಲೆ ಏನಾಗುತ್ತದೆ? ಬೇಸಿಗೆ ಬರುವ ಮುಂಚೆ ಅರಣ್ಯ ಇಲಾಖೆಯವರು ಕಾಡಿನ ಅಂಚಿನಲ್ಲಿ ಒಂದು ಪಟ್ಟಿ ಹುಲ್ಲನ್ನು ತಾವೇ ಸುಟ್ಟುಬಿಡುವುದನ್ನು ನೋಡಿರಬಹುದು. ಬೆಂಕಿ ರೇಖೆ ಅನ್ನುತ್ತಾರೆ. ಬೆಂಕಿ ಅಲ್ಲಿಗೆ ಬಂದಾಗ ಉರಿಯಲು ಏನೂ ಇರಬಾರದು. ಗಿಡ ಮಾಡುವುದೂ ಅದನ್ನೇ. ಶಿಲೀಂಧ್ರ ಹೊಕ್ಕ ಕೋಶ ಮತ್ತು ಅದರ ಸುತ್ತಲಿನ ಒಂದಿಷ್ಟು ಕೋಶಗಳು ಬೇಕೆಂದೇ ಸತ್ತುಹೋಗುತ್ತವೆ. ತುಕ್ಕಿನ ಶಿಲೀಂಧ್ರಕ್ಕೆ ಬದುಕಿರುವ ಕೋಶ ಬೇಕು ಅಂದೆನಲ್ಲ, ಹಾಗಾಗಿ ಅದು ಅಲ್ಲೇ ಉಪವಾಸ ಬೀಳುತ್ತದೆ. ಹೊರಗಿನಿಂದ ನೋಡಿದರೆ ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿ. ಕಿತ್ತಳೆ ಪುಡಿ ಇಲ್ಲ. ರೋಗ ನಿರೋಧಕ ಗಿಡದಲ್ಲಿ ಇಂಥ ಚುಕ್ಕಿ ಕಂಡರೆ ಗಾಬರಿ ಬೀಳಬೇಕಾಗಿಲ್ಲ, ಅದು ಗೆದ್ದ ಗುರುತು.

ಈ ಸಾವು ಹೇಗೆ ಶುರುವಾಗುತ್ತದೆ ಅನ್ನುವುದು ಈಚೆಗಷ್ಟೇ ಸ್ಪಷ್ಟವಾಗಿದೆ. ಒಂದು ಕಾವಲುಗಾರ ಪ್ರೋಟೀನಿನ ಪೂರ್ತಿ ಆಕಾರವನ್ನು ಚೀನಾದ ವಿಜ್ಞಾನಿಗಳು 2019ರಲ್ಲಿ ಬಿಡಿಸಿ ತೋರಿಸಿದರು. ಎಚ್ಚರಗೊಂಡ ಐದು ಪ್ರೋಟೀನ್‌ಗಳು ಚಕ್ರದ ಹಾಗೆ ಒಟ್ಟು ಸೇರುತ್ತವೆ. ನಡುವಿನಿಂದ ಒಂದು ಕೊಳವೆ ಹೊರಬಂದು ಕೋಶದ ಪೊರೆಗೆ ಚುಚ್ಚಿಕೊಳ್ಳುತ್ತದೆ. ಅದರ ಮೂಲಕ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಸಾವಿನ ಸರಣಿ ಅಲ್ಲಿಂದ ಶುರು.

ಒಂದು ಅಡ್ಡಮಾತು. ಸತ್ತ ಕೋಶವನ್ನೇ ತಿಂದು ಬದುಕುವ ರೋಗಾಣುಗಳೂ ಇವೆ. ಅವುಗಳ ಮುಂದೆ ಬೆಂಕಿ ರೇಖೆ ಹಾಕಿದರೆ ಊಟ ಬಡಿಸಿದ ಹಾಗೆ. ಅಮೆರಿಕದಲ್ಲಿ ವಿಕ್ಟೋರಿಯಾ ಎಂಬ ಓಟ್ಸ್ ತಳಿಯನ್ನು ತುಕ್ಕು ರೋಗ ತಡೆಯುತ್ತದೆ ಅಂತ ಎಲ್ಲೆಡೆ ಬಿತ್ತಿದರು. 1940ರ ದಶಕದಲ್ಲಿ ಬೇರೊಂದು ಶಿಲೀಂಧ್ರ ಬಂದು ಆ ತಳಿಯನ್ನಷ್ಟೇ ಆರಿಸಿ ಆರಿಸಿ ಕೊಂದಿತು. ತುಕ್ಕಿನಿಂದ ಕಾಪಾಡುತ್ತಿದ್ದ ಜೀನೇ ಹೊಸ ರೋಗಕ್ಕೆ ಬಾಗಿಲು ತೆಗೆದಿತ್ತು.

ಅಗಸೆ ಹೊಲದಲ್ಲಿ ಸಿಕ್ಕ ನಿಯಮ

ಅಮೆರಿಕದ ನಾರ್ತ್ ಡಕೋಟಾದಲ್ಲಿ ಹ್ಯಾರಲ್ಡ್ ಫ್ಲೋರ್ ಎಂಬ ವಿಜ್ಞಾನಿ ಅಗಸೆ ಗಿಡದ ತುಕ್ಕು ರೋಗದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಹೆಚ್ಚಿನವರು ಗಿಡಗಳ ನಡುವೆ ಮಾತ್ರ ಸಂಕರ ಮಾಡುತ್ತಿದ್ದ, ಅಂದರೆ ಎರಡು ಬಗೆಯನ್ನು ಕೂಡಿಸಿ ಹೊಸ ಸಂತತಿ ಪಡೆಯುತ್ತಿದ್ದ ಕಾಲ ಅದು. ಫ್ಲೋರ್ ಅಗಸೆಯನ್ನೂ ಸಂಕರ ಮಾಡಿದರು, ಅದರ ಶಿಲೀಂಧ್ರವನ್ನೂ ಸಂಕರ ಮಾಡಿದರು. 1940ರ ದಶಕದಲ್ಲಿ ಅವರಿಗೆ ಕಂಡದ್ದು ಇದು: ಗಿಡದ ಒಂದೊಂದು ನಿರೋಧಕ ಜೀನಿಗೂ ಶಿಲೀಂಧ್ರದಲ್ಲಿ ಒಂದೊಂದು ಜೋಡಿ ಜೀನ್ ಇದೆ. ಗಿಡದ ಹತ್ತಿರ ಫೋಟೊ ಇದ್ದು, ಶಿಲೀಂಧ್ರದ ಮುಖ ಅದಕ್ಕೆ ಹೊಂದಿದರೆ ಮಾತ್ರ ಗಿಡ ಗೆಲ್ಲುತ್ತದೆ. ಎರಡರಲ್ಲಿ ಯಾವ ಒಂದು ಇಲ್ಲದಿದ್ದರೂ ರೋಗ ಬರುತ್ತದೆ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಗಿಡದ ಹತ್ತಿರ ಇದ್ದ ಫೋಟೊ ಹಾಗೇ ಇದೆ. ಕಳ್ಳ ಮೀಸೆ ಬೋಳಿಸಿಕೊಂಡು ಬಂದಿದ್ದಾನೆ.

ಹೀಗೆ ಮುಖ ಬದಲಿಸಿಕೊಂಡ ಶಿಲೀಂಧ್ರದ ಬಗೆಗೆ ರೇಸ್ ಅನ್ನುತ್ತಾರೆ. ಕಣ್ಣಿಗೆ ಎಲ್ಲ ರೇಸುಗಳೂ ಒಂದೇ ಥರ, ಅದೇ ಕಿತ್ತಳೆ ಪುಡಿ. ಬೇರೆ ಬೇರೆ ತಳಿಗಳ ಮೇಲೆ ಉದುರಿಸಿ, ಯಾವುದರ ಮೇಲೆ ಬೆಳೆಯುತ್ತದೆ ಅಂತ ನೋಡಿದರಷ್ಟೇ ವ್ಯತ್ಯಾಸ ತಿಳಿಯುತ್ತದೆ. ಕಾಫಿ ತುಕ್ಕಿನಲ್ಲಿ ಈ ಪರೀಕ್ಷೆ ಮೊದಲು ನಡೆದದ್ದು ನಮ್ಮ ಬಾಳೆಹೊನ್ನೂರಿನಲ್ಲಿ.

ಬಾಳೆಹೊನ್ನೂರಿನ ಕಥೆ

ಕಾಫಿಯ ತುಕ್ಕು ಜಗತ್ತಿಗೆ ಗೊತ್ತಾಗಿದ್ದು 1869ರಲ್ಲಿ, ಆಗಿನ ಸಿಲೋನಿನಿಂದ. ಇಪ್ಪತ್ತು ಮೂವತ್ತು ವರ್ಷದೊಳಗೆ ಅಲ್ಲಿನ ಕಾಫಿ ಉದ್ಯಮ ನೆಲಕಚ್ಚಿ, ಆ ಗುಡ್ಡಗಳಿಗೆ ಚಹಾ ಬಂತು. ಇವತ್ತು ನಾವು ಸಿಲೋನ್ ಟೀ ಅನ್ನುವುದರ ಹಿಂದೆ ಈ ಕಿತ್ತಳೆ ಪುಡಿಯ ಕೈಯೂ ಇದೆ. ರೋಗ ನಮ್ಮ ಕಡೆಗೂ ಬಂತು. ಇಲ್ಲಿ ಆಗ ಇದ್ದದ್ದು ಅರೇಬಿಕಾ ಜಾತಿಯ ಕಾಫಿಯಲ್ಲಿ ಚಿಕ್ಸ್ ಎಂಬ ಹಳೇ ತಳಿ. ಅದು ಸೋತಿತು. ಕೂರ್ಗ್ಸ್ ಎಂಬ ತಳಿ ಬಂತು. ಸ್ವಲ್ಪ ಕಾಲ ತಡೆದು ಅದೂ ಸೋತಿತು. ಆಮೇಲೆ ಮೈಸೂರು ಸಂಸ್ಥಾನದ ಒಂದು ತೋಟದಲ್ಲಿ ಕೆಂಟ್ ಎಂಬ ಬ್ರಿಟಿಷ್ ತೋಟದ ಮಾಲೀಕರಿಗೆ ರೋಗವಿಲ್ಲದೆ ಹಸಿರಾಗಿ ನಿಂತ ಗಿಡ ಕಾಣಿಸಿತು. ಅದರ ಬೀಜದಿಂದ ಬಂದದ್ದು ಕೆಂಟ್ಸ್. ಒಳ್ಳೇ ರುಚಿ, ಒಳ್ಳೇ ಫಸಲು. ಬೆಳೆಗಾರರು ಮುಗಿಬಿದ್ದು ನೆಟ್ಟರು. ಒಂದಷ್ಟು ವರ್ಷ ತುಕ್ಕು ಅದರ ತಂಟೆಗೆ ಬರಲಿಲ್ಲ. ಆಮೇಲೆ ಬಂತು.

ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದವರು ಕೆನಡಾ ಮೂಲದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಂಬ ತಾಮ್ರದ ಔಷಧಿ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಅವರೇ. ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ ಕೆಂಟ್ಸ್ ಯಾಕೆ ಸೋತಿತು ಅಂತ ಹುಡುಕಹೊರಟರು. ತುಕ್ಕು ಒಂದೇ ಬಗೆಯದಲ್ಲ, ಒಂದು ಬಗೆ ಕೆಂಟ್ಸ್ ಮೇಲೆ ಬೆಳೆಯುತ್ತದೆ, ಇನ್ನೊಂದು ಬೆಳೆಯುವುದಿಲ್ಲ ಅಂತ 1932ರಲ್ಲಿ ಪ್ರಕಟಿಸಿದರು. ಫ್ಲೋರ್ ತಮ್ಮ ನಿಯಮ ಹೇಳುವುದಕ್ಕಿಂತ ಮೊದಲಿನ ಮಾತು ಇದು. ಮಲೆನಾಡಿನ ಒಂದು ಪುಟ್ಟ ಊರಿನಿಂದ ಇಂಥ ಕೆಲಸ ಬಂತು ಅನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕೆಂಟ್ಸ್ ಹತ್ತಿರ ಇದ್ದ ಫೋಟೊ ಹಳೆಯದಾಗಿತ್ತು. ಹೊಸ ಫೋಟೊ ಬೇಕು. ಎಲ್ಲಿಂದ ತರುವುದು? ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಜಾತಿಯ ಕಾಫಿಗಳು ತಾವಾಗಿಯೇ ಬೆರೆತು ಹುಟ್ಟಿದ ಗಿಡವೊಂದು ಸಿಕ್ಕಿತ್ತು. ಲೈಬೀರಿಕಾ ಕಡೆಯಿಂದ ಅದಕ್ಕೆ ಒಂದು ಗಟ್ಟಿ ನಿರೋಧಕ ಜೀನ್ ಬಂದಿತ್ತು. ಅದರ ಸಂತತಿಯಲ್ಲಿ ಆರಿಸಿದ ಎಸ್.288 ಎಂಬ ಗಿಡವನ್ನು ಕೆಂಟ್ಸ್ ಜೊತೆ ಸಂಕರ ಮಾಡಿದರು. ಹುಟ್ಟಿದ್ದು ಎಸ್.795, ಬೆಳೆಗಾರರ ಬಾಯಲ್ಲಿ ಬರೀ ಸೆವೆನ್ ನೈಂಟಿಫೈವ್. 1940ರ ದಶಕದಿಂದ ಇವತ್ತಿನವರೆಗೂ ನಮ್ಮ ತೋಟಗಳಲ್ಲಿ ಅದು ಇದೆ. ರುಚಿಗೆ ಈಗಲೂ ಹೆಸರುವಾಸಿ. ಆದರೆ ತುಕ್ಕಿನ ವಿಷಯದಲ್ಲಿ ಅದರ ಆ ಗಟ್ಟಿ ಜೀನಿಗೂ ಹೊಂದಿಕೊಂಡ ರೇಸ್ ಹುಟ್ಟಿ ಬಹಳ ಕಾಲ ಆಯಿತು.

ಮುಂದಿನ ಫೋಟೊ ಬಂದದ್ದು ಟಿಮೋರ್ ದ್ವೀಪದಿಂದ. 1920ರ ದಶಕದಲ್ಲಿ ಅಲ್ಲಿನ ತೋಟವೊಂದರಲ್ಲಿ ಅರೇಬಿಕಾಗೂ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿಗೂ ತಾನಾಗಿ ಹುಟ್ಟಿದ ಸಂಕರ ಗಿಡ ಕಂಡಿತ್ತು. ಅದರಲ್ಲಿ ಒಂದಲ್ಲ, ಹಲವು ನಿರೋಧಕ ಜೀನುಗಳು. ಪೋರ್ಚುಗಲ್‌ನಲ್ಲಿ 1955ರಲ್ಲಿ ಶುರುವಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರದ ಮೂಲಕ ಇದರ ಮಕ್ಕಳು ಮೊಮ್ಮಕ್ಕಳು ಜಗತ್ತಿನ ಮೂಲೆಮೂಲೆಗೆ ಹೋದವು. ನಮ್ಮಲ್ಲಿ ಕಾವೇರಿ, ಆಮೇಲೆ 2007ರಲ್ಲಿ ಚಂದ್ರಗಿರಿ, ಹೊಂಡುರಾಸ್‌ನಲ್ಲಿ ಲೆಂಪಿರಾ, ಕೊಲಂಬಿಯಾದಲ್ಲಿ ಕ್ಯಾಸ್ಟಿಯೊ, ಎಲ್ಲವೂ ಅದೇ ಮನೆತನದವು. ಇವುಗಳಲ್ಲಿ ಕಾವೇರಿಯನ್ನು ತುಕ್ಕು ಕೆಲವೇ ವರ್ಷಗಳಲ್ಲಿ ಹಿಡಿಯಿತು. ಲೆಂಪಿರಾ 2017ರ ಹೊತ್ತಿಗೆ ಸೋತಿತ್ತು. ಇವತ್ತಿಗೆ ಗುರುತಿಸಿರುವ ತುಕ್ಕಿನ ರೇಸುಗಳು 50ಕ್ಕೂ ಜಾಸ್ತಿ.

ಶಿಲೀಂಧ್ರ ಕಲಿಯುತ್ತದಾ?

ಇಲ್ಲ. ಮಾತಿಗೆ ಚಾಲಾಕಿ, ಮೀಸೆ ಬೋಳಿಸಿದ ಅಂತೆಲ್ಲ ಬರೆದೆ. ಆದರೆ ಶಿಲೀಂಧ್ರಕ್ಕೆ ತಲೆಯೂ ಇಲ್ಲ, ಯೋಜನೆಯೂ ಇಲ್ಲ. ಇರುವುದು ಸಂಖ್ಯೆ.

ಎಲೆಯಡಿಯ ಒಂದು ಮಚ್ಚೆಯಿಂದ ಲಕ್ಷಗಟ್ಟಲೆ ಬೀಜಕಣ ಉದುರುತ್ತವೆ. ಪ್ರತಿ ಸಲ ಜೀನ್ ನಕಲಾಗುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಕೈಬರಹದ ಪ್ರತಿ ಮಾಡುವವರು ತಪ್ಪಿದ ಹಾಗೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರವು. ಒಂದು ಲೆಕ್ಕಕ್ಕೆ, ಕೋಟಿ ಕಣದಲ್ಲಿ ಒಂದಕ್ಕೆ ಮಾತ್ರ ಕಾವಲುಗಾರ ಗುರುತಿಸುವ ಆ ಮುಖ ಬದಲಾಯಿತು ಅಂತ ಇಟ್ಟುಕೊಳ್ಳಿ. ಒಂದು ಮಚ್ಚೆಗೆ ಲಕ್ಷ ಕಣ ಅಂದರೂ ನೂರು ಮಚ್ಚೆಗೆ ಕೋಟಿ ಆಯಿತು. ಹಳೇ ಗಿಡ ಒಂದರಲ್ಲೇ ನೂರು ಮಚ್ಚೆ ಇರುತ್ತವೆ! ಅಂದರೆ ಆ ಒಂದು ಕಣ ಎಲ್ಲೋ ಹುಟ್ಟೇ ಹುಟ್ಟುತ್ತದೆ.

ಹುಟ್ಟಿದರೆ ಸಾಲದು, ಸರಿಯಾದ ಕಡೆ ಬೀಳಬೇಕು. ಹಳೇ ತಳಿ ಮೇಲೆ ಬಿದ್ದರೆ ಅದಕ್ಕೆ ವಿಶೇಷ ಲಾಭ ಇಲ್ಲ, ಅಣ್ಣತಮ್ಮಂದಿರ ಜೊತೆ ಹಂಚಿಕೊಂಡು ತಿನ್ನಬೇಕು. ಹೊಸ ನಿರೋಧಕ ತಳಿ ಮೇಲೆ ಬಿದ್ದರೆ? ಅಲ್ಲಿ ಪೈಪೋಟಿಗೆ ಬೇರೆ ಯಾರೂ ಇಲ್ಲ. ಇಡೀ ತೋಟ ಅದಕ್ಕೊಂದಕ್ಕೇ ಬಡಿಸಿಟ್ಟ ಎಲೆ. ನಾವು ಆ ತಳಿಯನ್ನು ಜಾಸ್ತಿ ನೆಟ್ಟಷ್ಟೂ ಆ ಕಣ ಅದರ ಮೇಲೆ ಬೀಳುವ ಸಾಧ್ಯತೆ ಜಾಸ್ತಿ. ನನಗೆ ಈ ಇಡೀ ವಿಷಯದಲ್ಲಿ ಬಹಳ ಕಾಡುವ ಮಾತು ಇದು: ತಳಿ ಚೆನ್ನಾಗಿದೆ ಅಂತ ಎಲ್ಲರೂ ನೆಟ್ಟದ್ದೇ ಅದು ಬೇಗ ಸೋಲಲು ಕಾರಣ.

ಕಾಲದ ಲೆಕ್ಕವೂ ಶಿಲೀಂಧ್ರದ ಕಡೆಗೇ ವಾಲಿದೆ. ಕಾಫಿ ಗಿಡ ನೆಟ್ಟು ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ನೆಟ್ಟ ಗಿಡ ಮೂವತ್ತು ನಲವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಒಂದು ಹೊಸ ತಳಿ ತಯಾರಿಸಿ ರೈತರ ಕೈಗೆ ಕೊಡುವುದಕ್ಕೆ ವಿಜ್ಞಾನಿಗಳಿಗೆ ಇಪ್ಪತ್ತು ವರ್ಷ ಹಿಡಿದರೂ ಆಶ್ಚರ್ಯ ಇಲ್ಲ. ಶಿಲೀಂಧ್ರ ಒಂದು ಮಳೆಗಾಲದಲ್ಲೇ ಹಲವು ತಲೆಮಾರು ಕಾಣುತ್ತದೆ.

ಕೆಲವು ರೋಗಾಣುಗಳ ಜೀನುಗಳ ಜೋಡಣೆಯೇ ಇದಕ್ಕೆ ಅನುಕೂಲವಾಗಿದೆ. ಆಲೂಗಡ್ಡೆಯ ಅಂಗಮಾರಿ ರೋಗಾಣು 1845ರಿಂದ ಐರ್ಲೆಂಡಿನಲ್ಲಿ ಕ್ಷಾಮ ತಂದು ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾಯಿತು. ಅದರ ಪೂರ್ತಿ ಜೀನ್ ಓದು 2009ರಲ್ಲಿ ಮುಗಿದಾಗ ಒಂದು ಸಂಗತಿ ಕಂಡಿತು. ದಿನನಿತ್ಯದ ಬದುಕಿಗೆ ಬೇಕಾದ ಜೀನುಗಳು ಒತ್ತೊತ್ತಾಗಿ, ಅಚ್ಚುಕಟ್ಟಾಗಿ ಇವೆ. ಕೈಚಳಕದ ಜೀನುಗಳು ಮಾತ್ರ ಊರಾಚೆ, ಜಾಗ ಬದಲಿಸುತ್ತಾ ತಮ್ಮನ್ನೇ ನಕಲು ಮಾಡಿಕೊಳ್ಳುವ ತುಂಡುಗಳ ನಡುವೆ ಚದುರಿವೆ. ಅಲ್ಲಿ ಜೀನ್ ಮುರಿಯುವುದು, ಮಾಯವಾಗುವುದು, ಎರಡಾಗುವುದು ಬೇಗ ಬೇಗ ನಡೆಯುತ್ತದೆ. ಮನೆ ಗಟ್ಟಿಯಾಗಿದೆ, ವೇಷದ ಪೆಟ್ಟಿಗೆ ಮಾತ್ರ ದಿನಾ ಬದಲಾಗುತ್ತದೆ.

ಹಾಗಾದರೆ ಕಾಡಿನ ಗಿಡಗಳು ಹೇಗೆ ಉಳಿದಿವೆ?

ಇಲ್ಲಿ ಒಂದು ತಿರುವು ಇದೆ. ರೋಗಾಣು ಇಷ್ಟು ಬಲಶಾಲಿ ಆಗಿದ್ದರೆ ಪಶ್ಚಿಮ ಘಟ್ಟದ ಕಾಡು ಎಂದೋ ಬೋಳಾಗಬೇಕಿತ್ತು.

ಕಾಡಿನಲ್ಲಿ ಒಂದೇ ಜಾತಿಯ ನೂರು ಗಿಡಗಳಿದ್ದರೆ ನೂರರ ಹತ್ತಿರವೂ ಒಂದೇ ಫೋಟೊಗಳು ಇರುವುದಿಲ್ಲ. ಒಂದು ಫೋಟೊ ಬಹಳ ಗಿಡಗಳಲ್ಲಿ ಇದ್ದರೆ, ಅದನ್ನು ತಪ್ಪಿಸಿಕೊಳ್ಳುವ ರೇಸ್ ಹೆಚ್ಚುತ್ತದೆ. ಆಗ ಆ ಫೋಟೊಕ್ಕೆ ಬೆಲೆ ಇಲ್ಲ. ಅಪರೂಪದ ಬೇರೆ ಫೋಟೊ ಇರುವ ಗಿಡಗಳಿಗೆ ಕಾಲ ಬರುತ್ತದೆ, ಅವುಗಳ ಬೀಜ ಜಾಸ್ತಿ ಉಳಿಯುತ್ತದೆ. ಕೆಲವು ತಲೆಮಾರಿಗೆ ಅದೇ ಮಾಮೂಲಿ ಆಗುತ್ತದೆ, ಮತ್ತೆ ಸರದಿ ಬದಲು. ಮುಖ ಬದಲಿಸಿಕೊಂಡ ಶಿಲೀಂಧ್ರಕ್ಕೂ ನಷ್ಟ ಇದೆ. ಅದು ಬಿಟ್ಟುಕೊಟ್ಟ ಪ್ರೋಟೀನ್ ಅದರ ಸಲಕರಣೆಯೇ ಆಗಿತ್ತಲ್ಲ. ಆ ಫೋಟೊ ಇಲ್ಲದ ಗಿಡಗಳ ಮೇಲೆ ಸಲಕರಣೆ ಕಳೆದುಕೊಂಡವನು ಹಿಂದೆ ಬೀಳಬಹುದು. ಹೀಗೆ ಎರಡೂ ಕಡೆ ಬದಲಾಗುತ್ತಲೇ ಇರುತ್ತವೆ, ಯಾರೂ ಪೂರ್ತಿ ಗೆಲ್ಲುವುದಿಲ್ಲ. ಇದಕ್ಕೆ ಸಹವಿಕಾಸ ಎಂಬ ಹೆಸರು.

ಎಲ್ಲ ಫೋಟೊಗಳನ್ನೂ ಒಂದೇ ಗಿಡ ಇಟ್ಟುಕೊಂಡರೆ ಆಗದಾ? ಕಾವಲಿಗೆ ಖರ್ಚಿದೆ. ಸಾಸಿವೆಯ ಬಳಗದ ಅರಬಿಡೋಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಒಂದು ನಿರೋಧಕ ಜೀನ್ ಇರುವ ಮತ್ತು ಇಲ್ಲದ ಗಿಡಗಳನ್ನು ರೋಗವಿಲ್ಲದ ಹೊಲದಲ್ಲಿ ಬೆಳೆಸಿ ನೋಡಿದರು. ಜೀನ್ ಇದ್ದ ಗಿಡಗಳ ಬೀಜ ಸುಮಾರು 9% ಕಡಿಮೆ. ಅಷ್ಟೇ ಅಲ್ಲ, ಕೆಲವು ಕಾವಲುಗಾರರು ಒಟ್ಟಿಗೆ ಇದ್ದರೆ ಕಳ್ಳ ಬರದಿದ್ದರೂ ಗಂಟೆ ಹೊಡೆಯುತ್ತಾರೆ. ಗಿಡ ತನ್ನನ್ನೇ ಸುಟ್ಟುಕೊಂಡು ಕುಳ್ಳಾಗುತ್ತದೆ.

ನಮ್ಮ ತೋಟಗಳಲ್ಲೇ ಇದರ ಉದಾಹರಣೆ ನೋಡಬಹುದು. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ಒಂದು ತಳಿಯ ಸಾವಿರ ಗಿಡ ಹೆಚ್ಚುಕಮ್ಮಿ ಒಂದೇ ಅಚ್ಚು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಬೀಜದಿಂದ ಬೆಳೆಸಿದ ರೋಬಸ್ಟಾ ತೋಟದಲ್ಲಿ ಒಂದು ಗಿಡ ಇದ್ದ ಹಾಗೆ ಇನ್ನೊಂದಿಲ್ಲ. ಅಲ್ಲೊಂದು ಗಿಡಕ್ಕೆ ತುಕ್ಕು ಬಂದರೂ ಪಕ್ಕದ್ದಕ್ಕೆ ಹಬ್ಬುವುದು ಕಷ್ಟ.

ಓಟ ನಿಲ್ಲಿಸಿದ ಬಾಳೆ

ಇದರ ತದ್ವಿರುದ್ಧ ನಂಜನಗೂಡಿನ ರಸಬಾಳೆ. ಬಾಳೆಹಣ್ಣಿನಲ್ಲಿ ಬೀಜ ಇಲ್ಲ. ಕಂದು ಕಿತ್ತು ನೆಡುತ್ತೇವೆ, ಅದರ ಕಂದನ್ನು ಮತ್ತೆ ನೆಡುತ್ತೇವೆ. ಅಂದರೆ ಇವತ್ತಿನ ರಸಬಾಳೆ ಮುತ್ತಾತನ ಕಾಲದ ಗಿಡದ್ದೇ ಇನ್ನೊಂದು ಪ್ರತಿ. ಗಂಡುಹೆಣ್ಣು ಜೀನುಗಳು ಬೆರೆತು ಹೊಸ ಫೋಟೊ ಹುಟ್ಟುವ ದಾರಿಯೇ ಮುಚ್ಚಿದೆ. ಮಣ್ಣಿನಿಂದ ಬೇರಿಗೆ ಹತ್ತುವ ಪನಾಮ ಸೊರಗು ರೋಗದ ಶಿಲೀಂಧ್ರ ಮಾತ್ರ ಓಡುತ್ತಲೇ ಇದೆ. ಅದು ಗಿಡದ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ, ಬೆಳೆ ತೆಗೆದ ಮೇಲೂ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ರಸಬಾಳೆಯ ತೋಟಗಳು ಕುಗ್ಗುತ್ತಾ ಬಂದದ್ದಕ್ಕೆ ದೊಡ್ಡ ಕಾರಣ ಇದೇ ರೋಗ. ಜಗತ್ತಿನ ಮಾರುಕಟ್ಟೆ ಆಳಿದ ಗ್ರೋ ಮಿಶೆಲ್ ಎಂಬ ಬಾಳೆಯೂ ಕಳೆದ ಶತಮಾನದ ನಡುವೆ ಹೀಗೇ ಹೋಯಿತು. ಅದರ ಜಾಗಕ್ಕೆ ಬಂದ ಕ್ಯಾವೆಂಡಿಶ್ ಬಾಳೆಯ ಹಿಂದೆ ಈಗ ಅದೇ ಶಿಲೀಂಧ್ರದ ಹೊಸ ರೇಸ್ ಬಿದ್ದಿದೆ.

ತಳಿಯ ಬಾಳಿಕೆ ಹೆಚ್ಚಿಸುವುದು ಹೇಗೆ?

ಒಂದು ದಾರಿ, ಒಂದೇ ಗಿಡದಲ್ಲಿ ಎರಡು ಮೂರು ಫೋಟೊ ಇಡುವುದು. ಒಂದು ಮುಖ ಬದಲಾಗುವುದು ಕೋಟಿಗೊಂದು ಅಂದರೆ ಎರಡು ಒಟ್ಟಿಗೆ ಬದಲಾಗುವುದು ಕೋಟಿ ಕೋಟಿಗೊಂದು. ಹೈದರಾಬಾದಿನ ವಿಜ್ಞಾನಿಗಳು ಸಾಂಬಾ ಮಸೂರಿ ಭತ್ತಕ್ಕೆ ಅಂಗಮಾರಿ ತಡೆಯುವ ಮೂರು ಜೀನುಗಳನ್ನು ಸಂಕರದ ಮೂಲಕವೇ ಸೇರಿಸಿದ್ದಾರೆ. ಒಂದು ಆಫ್ರಿಕಾದ ಕಾಡು ಭತ್ತದಿಂದ ಬಂದ ಕಾವಲುಗಾರ. ಇನ್ನೊಂದು ತಮಾಷೆಯದು. ಬ್ಯಾಕ್ಟೀರಿಯಾ ಒತ್ತುವ ಸಕ್ಕರೆ ಸ್ವಿಚ್ಚಿನ ಆಕಾರವೇ ಅದರಲ್ಲಿ ಬೇರೆ, ಬ್ಯಾಕ್ಟೀರಿಯಾದ ಬೆರಳು ಅದಕ್ಕೆ ಕೂರುವುದಿಲ್ಲ. ಆದರೆ ಇದರಲ್ಲೊಂದು ಷರತ್ತಿದೆ. ಆ ಮೂರು ಜೀನುಗಳನ್ನು ಬೇರೆ ತಳಿಗಳಲ್ಲಿ ಒಂದೊಂದಾಗಿ ಬಿಟ್ಟರೆ ರೋಗಾಣು ಒಂದೊಂದಾಗಿಯೇ ಮೆಟ್ಟಿಲು ಹತ್ತಿಬಿಡುತ್ತದೆ.

ಇನ್ನೊಂದು ದಾರಿ ಬೆರಕೆ. ಚೀನಾದ ಯುನ್ನಾನ್‌ನಲ್ಲಿ ಬೆಂಕಿ ರೋಗಕ್ಕೆ ಬೇಗ ತುತ್ತಾಗುವ ಅಂಟು ಭತ್ತದ ಸಾಲುಗಳನ್ನು ನಿರೋಧಕ ಭತ್ತದ ನಡುವೆ ನೆಟ್ಟರು. 2000ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅಂಟು ಭತ್ತವನ್ನೊಂದನ್ನೇ ಬೆಳೆದದ್ದಕ್ಕೆ ಹೋಲಿಸಿದರೆ ಅದರ ರೋಗ 94% ಕಡಿಮೆ. ಕೊಲಂಬಿಯಾದವರು ಕ್ಯಾಸ್ಟಿಯೊ ಕಾಫಿಯನ್ನು ಒಂದೇ ಅಚ್ಚಿನ ಬೀಜವಾಗಿ ಕೊಡುವುದಿಲ್ಲ. ನೋಡಲು ಒಂದೇ ಥರ ಇದ್ದು ಒಳಗೆ ಬೇರೆ ಬೇರೆ ಜೀನ್ ಇರುವ ಸಾಲುಗಳ ಬೀಜ ಬೆರೆಸಿ ಕೊಡುತ್ತಾರೆ.

ಮೂರನೆಯದು ನನಗೆ ಇಷ್ಟವಾದದ್ದು: ರೋಗವನ್ನು ತಡೆಯದೆ, ತಡ ಮಾಡುವ ಜೀನುಗಳು. ಗೋಧಿಯಲ್ಲಿ ಎಲ್‌ಆರ್34 ಎಂಬ ಜೀನ್ ಇದೆ. ಅದು ಕಳ್ಳನ ಫೋಟೊ ಇಟ್ಟುಕೊಂಡಿಲ್ಲ. ತುಕ್ಕು ಬರುತ್ತದೆ, ಆದರೆ ನಿಧಾನವಾಗಿ, ಸ್ವಲ್ಪವೇ. ನೋಡಿದವರಿಗೆ ಇದೇನು ತಳಿ ಅನ್ನಿಸಬಹುದು. ಅದು ಸುಮಾರು ನೂರು ವರ್ಷದಿಂದ ಸೋತಿಲ್ಲ. ಇದಕ್ಕೆ ಎದುರಾಗಿ, ರೈ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್31 ಎಂಬ ಗಟ್ಟಿ ಜೀನ್ ದಶಕಗಳ ಕಾಲ ಕಾಂಡದ ತುಕ್ಕನ್ನು ಪೂರ್ತಿ ತಡೆದಿತ್ತು. 1998ರಲ್ಲಿ ಉಗಾಂಡದಲ್ಲಿ ಅದನ್ನು ಮುರಿದ ರೇಸ್ ಕಂಡಿತು.

ಬೋರ್ಡೋ ದ್ರಾವಣ? ಮೈಲುತುತ್ತ, ಸುಣ್ಣ, ನೀರು, 1880ರ ದಶಕದ ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿ. ತಾಮ್ರ ಯಾರ ಮುಖವನ್ನೂ ನೋಡುವುದಿಲ್ಲ. ಬೀಜಕಣದ ಒಳಗಿನ ಹತ್ತಾರು ಕೆಲಸಗಳನ್ನು ಒಟ್ಟಿಗೆ ಕೆಡಿಸುತ್ತದೆ. ಒಂದು ಜೀನ್ ಬದಲಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ನೂರು ವರ್ಷ ದಾಟಿದರೂ ನಡೆಯುತ್ತಿದೆ. ಆದರೆ ಕಣ ಮೊಳೆಯುವ ಮುಂಚೆ ಎಲೆಯ ಅಡಿಗೆ ಅದು ತಲುಪಿರಬೇಕು. ಎಲೆಯೊಳಗೆ ಹೊಕ್ಕ ಮೇಲೆ ಉಪಯೋಗ ಇಲ್ಲ.

ಇಷ್ಟನ್ನೂ ದೊಡ್ಡಪ್ಪನಿಗೆ ಜಗಲಿಯಲ್ಲಿ ಕೂತು ಹೇಳಿದೆ. ಕಾಫಿ ಕುಡಿಯುತ್ತಾ ಪೂರ್ತಿ ಕೇಳಿದರು. ಲೋಟ ಕೆಳಗಿಟ್ಟು, "ಹಂಗಾರೆ ಆ ಕೆಳಗಿನ ಪಟ್ಟಿಲಿ ಉಳಿದಿರೋ ಹಳೇ ಗಿಡ ಕೀಳೋದು ಬೇಡ ಅಂತೀಯಾ?" ಅಂದರು. ಎಲ್ಲವನ್ನೂ ಒಂದೇ ತಳಿ ಮಾಡಬೇಡಿ ಅಂದೆ. ಟಾರ್ಚ್ ಹಿಡಿದು ಎದ್ದರು, ಹಳೇ ಗಿಡಗಳ ಎಲೆ ಮಗುಚಿ ನೋಡಲು.